ಏಳನೇ ಅಧ್ಯಾಯವಿಲ್ಲದ ಪುಸ್ತಕ

ಮೈದಾಹಿಟ್ಟಿನ ಅಂಟು ಕುದಿಯುವ ವಾಸನೆ ನನಗೆ ಆಗಿಬರುವುದಿಲ್ಲ. ಮೊನ್ನೆ ಮೊಮ್ಮಗಳು ಶಾಲೆಯ ಯಾವುದೋ ಕೆಲಸಕ್ಕೆಂದು ಹಳೆಯ ಡಬ್ಬಿಯೊಂದರಲ್ಲಿ ಮೈದಾ ಕಲಸಿ, ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಒಲೆಯ ಮೇಲಿಟ್ಟಿದ್ದಳು. ಆ ಬೆಚ್ಚಗಿನ ಹುಳಿ ವಾಸನೆ ಪಡಸಾಲೆಗೆ ಬಂದದ್ದೇ ತಡ, ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂಗಡಿಯಲ್ಲಿ ಅಂಟಿನ ಬಾಟಲಿ ಸಿಗುವುದಿಲ್ಲವೇನು ಎಂದು ರೇಗಿದೆ. ಹುಡುಗಿ ಪೆಚ್ಚಾಗಿ ಒಲೆ ಆರಿಸಿದಳು. ಪಾಪ, ಅವಳಿಗೇನು ಗೊತ್ತು... ನನ್ನ ಸಿಟ್ಟು ನಲವತ್ತು ವರ್ಷಗಳ ಹಿಂದೆ ಕುಷ್ಟಗಿಯಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಒಬ್ಬ ಮನುಷ್ಯನ ಮೇಲೆ. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ಅವರು ಕುಷ್ಟಗಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದರು. ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಬಿಟ್ಟಿತು ಎಂದು ಬರೆದುಕೊಂಡು, ಮೈಕಿನಲ್ಲಿ ಊರುಗಳ ಹೆಸರು ಕೂಗುವ ಕೆಲಸ. ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿಯ ಶಾಲೆಯೊಂದಕ್ಕೆ ಕನ್ನಡ ಕಲಿಸಲು ಹೋದೆ. ನಮ್ಮೂರು ಅಳವಂಡಿ. ಮದುವೆಯಾಗದ ಹುಡುಗಿ ಒಂದೂರಲ್ಲಿ ಒಬ್ಬಳೇ ಇರುವುದೆಂದರೆ ಆಗ ಸಣ್ಣ ಮಾತಲ್ಲ. ಅವರ ಮನೆಗೆ ತಾಗಿದ ಒಂದು ಖೋಲಿ ಖಾಲಿ ಇತ್ತು. ನಮ್ಮಪ್ಪ ಬಂದು ಅವರ ಹೆಂಡತಿಯ ಜೊತೆ ಮಾತಾಡಿ, ಈಕೆಯ ನೆರಳಲ್ಲಿ ನನ್ನ ಮಗಳಿಗೆ ಭಯವಿಲ್ಲ ಎಂದು ತೀರ್ಮಾನಿಸಿ, ನನ್ನ ಟ್ರಂಕನ್ನು ಅಲ್ಲಿಳಿಸಿ ಹೋದ. ಓಣಿಯ ಮಕ್ಕಳೆಲ್ಲ ಅವರನ್ನು ಚಾಚಾ, ಆಕೆಯನ್ನು ಚಾಚಿ ಎನ್ನುತ್ತಿದ್ದರು. ನಾನೂ ಹಾಗೇ ಅಂದೆ.

ಚಾಚಾ ನಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾವಿಬ್ಬರೂ ಕೂಡಿ ಬರೆದದ್ದು ಒಂದು ನಗೆ ಕಾದಂಬರಿ. ಒಣಗಿದ ಮೈ, ಖಾಕಿ ಕೋಟು, ಕೊರಳಲ್ಲೊಂದು ಸೀಟಿ. ಅವರ ದನಿ ಮಾತ್ರ ಮೈಗೆ ಸಂಬಂಧವೇ ಇಲ್ಲದಂತೆ ದೊಡ್ಡದು. "ಯಲಬುರ್ಗಾ, ಯಲಬುರ್ಗಾ, ಹತ್ರಿ" ಎಂದು ಅವರು ಕೂಗಿದರೆ ನಮ್ಮ ಶಾಲೆಯ ಕೋಣೆಯೊಳಗೆ ಕೇಳುತ್ತಿತ್ತು. ಮನೆಗೆ ಬಂದರೆ ಆ ದನಿಯನ್ನು ನಿಲ್ದಾಣದಲ್ಲೇ ಬಿಟ್ಟು ಬಂದವರಂತೆ ಸುಮ್ಮನಿರುತ್ತಿದ್ದರು. ಕನ್ನಡ ಅವರು ಶಾಲೆಯಲ್ಲಿ ಕಲಿತದ್ದಲ್ಲ. ಹರೆಯದಲ್ಲಿ ಬಸ್ಸುಗಳ ತಗಡಿನ ಬೋರ್ಡಿಗೆ ಬಣ್ಣದಲ್ಲಿ ಊರ ಹೆಸರು ಬರೆಯುತ್ತಿದ್ದರಂತೆ, ಹಾಗೆ ಒಂದೊಂದೇ ಅಕ್ಷರ ಕೂಡಿಸಿಕೊಂಡದ್ದು. ಹಾಗಾಗಿ ಅವರ ಬರವಣಿಗೆಯಲ್ಲಿ ಒಂದೊಂದು ಅಕ್ಷರವೂ ಬೋರ್ಡಿನ ಮೇಲೆ ನಿಂತಂತೆ ಸೆಟೆದು, ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಬಸ್ಸಿನಲ್ಲಿ ಜನ ಮರೆತು ಹೋದ ಪತ್ರಿಕೆ, ಪುಸ್ತಕ, ಪಂಚಾಂಗ ಎಲ್ಲವನ್ನೂ ಒಂದು ವಾರ ಕಾಯ್ದಿಟ್ಟು, ಯಾರೂ ಕೇಳಲು ಬಾರದಿದ್ದರೆ ಓದಿಬಿಡುತ್ತಿದ್ದರು.

ಕಾದಂಬರಿ ಹುಟ್ಟಿದ್ದು ಒಂದು ಸಂಜೆ. ಮಳೆ ಬರಬೇಕಾದ ತಿಂಗಳು, ಬಂದಿರಲಿಲ್ಲ. ಚಾಚಿ ಅಂಗಳದಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. ನಾನು ಶಾಲೆಯ ಮಕ್ಕಳ ನೋಟುಪಟ್ಟಿ ತಿದ್ದುತ್ತಿದ್ದೆ. ತಲೆಯ ಮೇಲೆ ಒಂದೇ ಒಂದು ಮೋಡ, ಯಾರನ್ನೋ ಹುಡುಕುತ್ತಿರುವಂತೆ ನಿಧಾನ ಹೋಗುತ್ತಿತ್ತು.

"ಯಲಬುರ್ಗಾದ ಕಡೆ ಹೊಂಟಂಗ ಕಾಣ್ತೈತಿ" ಎಂದಳು ಚಾಚಿ.

ಚಾಚಾ ಚಹಾದ ಬಟ್ಟಲು ಕೆಳಗಿಟ್ಟು, ತಲೆ ಎತ್ತಿ ನೋಡಿ, "ಯಲಬುರ್ಗಾ ಬಸ್ಸು ಬಿಟ್ಟು ಅರ್ಧ ತಾಸಾತು" ಎಂದರು.

ನಾನು ನಕ್ಕು ನಕ್ಕು ಕೆಮ್ಮಿದೆ. ಚಾಚಿಯೂ ನಕ್ಕಳು. ಯಾಕೆ ನಗುತ್ತಿದ್ದೇವೆಂದು ಚಾಚಾಗೆ ತಿಳಿಯಲಿಲ್ಲ. ಅವರು ಹಾಸ್ಯ ಮಾಡಿರಲಿಲ್ಲ, ಮಾಹಿತಿ ಕೊಟ್ಟಿದ್ದರು. ಆ ವಾರವೇ ನಾನು ಮೊದಲ ಅಧ್ಯಾಯ ಬರೆದೆ. ಯಲಬುರ್ಗಾಕ್ಕೆ ಹೋಗಬೇಕಾದ ಒಂದು ಮೋಡ ಗಾಳಿಯಿಲ್ಲದೆ ಕುಷ್ಟಗಿಯಲ್ಲಿ ಕೆಳಗಿಳಿದು, ಎಲ್ಲರಂತೆ ಬಸ್ಸಿಗೆ ಹೋಗೋಣವೆಂದು ನಿಲ್ದಾಣಕ್ಕೆ ಬಂದು, ತಪ್ಪಿ ಗಂಗಾವತಿ ಬಸ್ಸು ಹತ್ತುವ ಕಥೆ. ಗಂಗಾವತಿಯಲ್ಲಿ ಕಾಲುವೆ ನೀರು ಬೇಕಾದಷ್ಟಿದೆ, ರಸ್ತೆ ತುಂಬ ಭತ್ತ ಒಣಹಾಕಿದ್ದಾರೆ, ಮೋಡ ಇಳಿದರೆ ಜನ ಕೋಲು ಹಿಡಿದು ಅಟ್ಟುತ್ತಾರೆ. ಇತ್ತ ಯಲಬುರ್ಗಾದ ಜನ ಮೋಡಕ್ಕಾಗಿ ಬಸ್ ನಿಲ್ದಾಣದಲ್ಲಿ ಹಾರ ಹಿಡಿದು ಕಾಯುತ್ತಾರೆ.

ಅದನ್ನು ಇಬ್ಬರಿಗೂ ಓದಿದೆ. ಚಾಚಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಾಚಾ ಕೊನೆಯವರೆಗೂ ಮುಖ ಗಂಟಿಕ್ಕಿ ಕೇಳಿದರು.

"ಎಂಟೂ ಕಾಲಕ್ಕ ಯಲಬುರ್ಗಾ ಬಸ್ಸಿಲ್ಲ ಬೇಟಿ. ಏಳೂ ಮುಕ್ಕಾಲಕ್ಕೊಂದು, ಒಂಬತ್ತೂವರಿಗೊಂದು. ನೀ ಬರದದ್ದು ಗಲತ್ ಐತಿ."

"ಚಾಚಾ, ಮೋಡ ಬಸ್ಸು ಹತ್ತೂದು ನಡೀತೈತಿ, ಎಂಟೂ ಕಾಲು ನಡ್ಯಾಂಗಿಲ್ಲೇನು?"

"ಮೋಡ ನೀ ಮಾಡಿದ್ದು. ಬಸ್ಸು ನೀ ಮಾಡಿದ್ದಲ್ಲ."

ಮರುದಿನ ಅವರು ಬಸ್ಸಿನ ವೇಳೆ ಬರೆಯುವ ಹಳೆಯ ಟ್ರಿಪ್ ಶೀಟುಗಳ ಹಿಂಬದಿಯಲ್ಲಿ ಎರಡು ಪುಟ ಬರೆದು ತಂದು ನನ್ನ ಮುಂದಿಟ್ಟರು. ಹಾಗೆ ನಾವು ಜೊತೆ ಲೇಖಕರಾದೆವು. ಯಾಕೆ ಒಪ್ಪಿದೆ? ಸಂಕೋಚಕ್ಕೆ ಒಪ್ಪಿದೆ ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಅದು ಪೂರ್ತಿ ನಿಜವಲ್ಲ. ಆ ಎರಡು ಪುಟಗಳಲ್ಲಿ ಒಬ್ಬ ಮುದುಕ ಕಂಡಕ್ಟರನ ಜೊತೆ ಜಗಳಾಡುವ ಮಾತುಗಳಿದ್ದವು. ಅಂಥ ಮಾತು ನನಗೆ ಈ ಜನ್ಮದಲ್ಲಿ ಬರೆಯಲು ಬರುತ್ತಿರಲಿಲ್ಲ.

ಆದರೆ ಅವರ ಜೊತೆ ಬರೆಯುವುದೆಂದರೆ ದಿನವೂ ಗೋಡೆಗೆ ತಲೆ ಚಚ್ಚಿಕೊಂಡಂತೆ. ಮೋಡ ತಪ್ಪು ಬಸ್ಸು ಹತ್ತಲು ನಾನು ಒಂದು ಸರಳ ಕಾರಣ ಬರೆದಿದ್ದೆ, ಕಂಡಕ್ಟರ್ ಬೋರ್ಡು ತಿರುವಿ ಹಾಕುವುದನ್ನು ಮರೆತಿದ್ದ ಎಂದು. ಚಾಚಾ ಬಿಲ್ಕುಲ್ ಒಪ್ಪಲಿಲ್ಲ. "ನನ್ನ ಸ್ಟ್ಯಾಂಡಿನ್ಯಾಗ ಬೋರ್ಡು ತಪ್ಪಾಗಿ ಬಸ್ಸು ಬಿಡಾಂಗಿಲ್ಲ" ಎಂದು ಎದ್ದು ಹೋದರು. ನಾಲ್ಕು ದಿನ ಮಾತಿಲ್ಲ. ಐದನೇ ದಿನ ಗೋಡೆಯ ಆಚೆಯಿಂದಲೇ ಹೇಳಿದರು, ಮೋಡಕ್ಕೆ ಓದಲು ಬರುವುದಿಲ್ಲ, ಅದು ಮೂಗಿನಿಂದ ದಾರಿ ಹುಡುಕುತ್ತದೆ, ಗಂಗಾವತಿ ಬಸ್ಸಿನ ಮೇಲೆ ಹಸಿ ಭತ್ತದ ಖಾಲಿ ಚೀಲ ಕಟ್ಟಿದ್ದರು, ನೀರಿನ ವಾಸನೆ ಬಂತೆಂದು ಮೋಡ ಹತ್ತಿಬಿಟ್ಟಿತು ಎಂದು. ನಾನು ಹಾಗೇ ಬರೆದುಕೊಂಡೆ. ಅವರಿಗೆ ಮೆಚ್ಚುಗೆಯ ಮಾತು ಹೇಳಿದೆನೋ ಇಲ್ಲವೋ... ಹೇಳಿರಲಿಕ್ಕಿಲ್ಲ.

ಆಮೇಲೆ ಮೋಡದ ಟಿಕೆಟ್ಟು. ಅದನ್ನು ಪ್ರಯಾಣಿಕ ಎನ್ನಬೇಕೋ ಲಗೇಜು ಎನ್ನಬೇಕೋ ಎಂದು ಒಂದು ವಾರ ಚರ್ಚೆ. ಲಗೇಜು ಎಂದರೆ ತೂಕ ಹಾಕಬೇಕು. ಹತ್ತುವಾಗಿನ ತೂಕವೋ ಇಳಿಯುವಾಗಿನ ತೂಕವೋ? ದಾರಿಯುದ್ದಕ್ಕೂ ಹನಿ ಹನಿ ಸೋರಿ ಮೋಡ ಹಗುರಾಗುತ್ತದಲ್ಲ. ಚಾಚಾ ಈ ಪ್ರಶ್ನೆಯನ್ನು ಡಿಪೋದ ಮೇಲಿನವರಿಗೂ ಕೇಳಿದ್ದರಂತೆ, ಗಂಭೀರವಾಗಿ. ನಾನು ಆನೆಗೊಂದಿಯ ಬಂಡೆಗುಡ್ಡಕ್ಕೂ ಮೋಡಕ್ಕೂ ಪ್ರೀತಿ ಹುಟ್ಟಿಸಿ, ಒಂದು ಚಂದದ ಅಧ್ಯಾಯ ಬರೆದು ಓದಿದರೆ, "ಆನೆಗೊಂದಿಯಿಂದ ಹೊಳ್ಳಿ ಬರಾಕ ಕಡೀ ಬಸ್ಸು ಸಂಜೀಕ ಐತಿ. ಮೋಡ ಅಲ್ಲೇ ಕೂತ್ರ ಮುಂದ ಹೆಂಗ?" ಎಂದರು. ಪ್ರೀತಿ ಅರ್ಧಕ್ಕೆ ನಿಂತಿತು.

ಏಳನೇ ಅಧ್ಯಾಯ ಪೂರ್ತಿ ಅವರದು. ಗಂಗಾವತಿಯಿಂದ ಅಟ್ಟಿಸಿಕೊಂಡ ಮೋಡ ಹಿಟ್ನಾಳ, ಕೊಪ್ಪಳ ಸುತ್ತಿ ಮತ್ತೆ ಕುಷ್ಟಗಿ ನಿಲ್ದಾಣಕ್ಕೆ ಬಂದು, ಬೆಳಗಿನಿಂದ ಸಂಜೆಯ ತನಕ ಒಂದು ಕಲ್ಲುಬೆಂಚಿನ ಮೇಲೆ ಕೂತು ಯಲಬುರ್ಗಾ ಬಸ್ಸಿಗೆ ಕಾಯುತ್ತದೆ. ಅಷ್ಟೇ. ಆ ದಿನ ಬಂದ ಪ್ರತಿಯೊಂದು ಬಸ್ಸೂ ಅದರಲ್ಲಿತ್ತು. ಬಂದ ವೇಳೆ, ಬಿಟ್ಟ ವೇಳೆ, ಯಾರು ಇಳಿದರು, ಏನು ಹೊತ್ತಿದ್ದರು. ನಾನು ಮೊದಲ ನಾಲ್ಕು ಪುಟ ಓದಿ ಬದಿಗಿಟ್ಟೆ. ಇದು ಕಾದಂಬರಿಯಲ್ಲ ಚಾಚಾ, ವೇಳಾಪಟ್ಟಿ ಎಂದೆ. ಕಥೆ ಓಡುತ್ತಿರುವಾಗ ನೀವು ಗಾಲಿಗೆ ಕಲ್ಲು ಕೊಟ್ಟಂತಾಗಿದೆ ಎಂದೆ. ಅವರು ವಾದ ಮಾಡಲಿಲ್ಲ.

"ಇದೊಂದು ಇರಲಿ ಬೇಟಿ" ಎಂದರು.

ಅದುವರೆಗೆ ಅವರು ನನ್ನನ್ನು ಏನೂ ಕೇಳಿದವರಲ್ಲ. ಸರಿ ಇರಲಿ ಎಂದು ಬಿಟ್ಟೆ. ಉಳಿದದ್ದನ್ನು ಓದಲಿಲ್ಲ. ಅಚ್ಚಿನ ಕರಡು ಬಂದಾಗಲೂ ಆ ಅಧ್ಯಾಯವನ್ನು ಅವರಿಗೇ ತಿದ್ದಲು ಕೊಟ್ಟೆ. ಪುಸ್ತಕದ ಮೇಲೆ ನನ್ನ ಹೆಸರಿತ್ತು, ಒಳಗೆ ಇಪ್ಪತ್ತೆರಡು ಪುಟ ನಾನು ಓದದವು ಇದ್ದವು. ಇದನ್ನು ಈ ತನಕ ಯಾರಿಗೂ ಹೇಳಿಲ್ಲ.

ಗಂಗಾವತಿಯ ಒಂದು ಸಣ್ಣ ಮುದ್ರಣಾಲಯದಲ್ಲಿ ಪುಸ್ತಕ ಅಚ್ಚಾಯಿತು. ಕಟ್ಟುಗಳು ಬಸ್ಸಿನ ಮೇಲೆ ಬಂದವು. ಚಾಚಾ ತಾವೇ ಏಣಿ ಹತ್ತಿ ಅವನ್ನು ಇಳಿಸಿದರಂತೆ, ಹಮಾಲರನ್ನು ಮುಟ್ಟಗೊಡಲಿಲ್ಲವಂತೆ. ಮನೆಗೆ ತಂದು ಒಂದು ಪ್ರತಿ ತೆಗೆದು ಚಾಚಿಯ ಕೈಗೆ ಕೊಟ್ಟರು. ಆಕೆಗೆ ಓದಲು ಬರುತ್ತಿರಲಿಲ್ಲ. ರಕ್ಷಾಪುಟದ ಮೇಲೆ ಗಂಡನ ಹೆಸರು ಯಾವುದು ಎಂದು ನನ್ನನ್ನು ಕೇಳಿ, ಅದರ ಮೇಲೆ ಬೆರಳಿಟ್ಟುಕೊಂಡು ಕೂತಳು.

ಓದಿದವರು ಏನಂದರು? ನಮ್ಮ ಮುಖ್ಯೋಪಾಧ್ಯಾಯಿನಿ, "ಮೋಡ ಬಸ್ಸು ಹತ್ತೂದು ಅಂದ್ರ ಏನ್ರಿ ಇದು, ಮಕ್ಕಳ ತಲಿ ಕೆಡಸ್ತೀರೇನು?" ಎಂದರು. ಇಬ್ಬರು ಮೂವರು ಶಿಕ್ಷಕರು ಚಲೋ ಐತಿ ಎಂದರು, ಆದರೆ ಓದಿದ ಗುರುತಿರಲಿಲ್ಲ. ಬಸ್ ಚಾಲಕರು, ಕಂಡಕ್ಟರುಗಳು ಮಾತ್ರ ಬಿದ್ದು ಬಿದ್ದು ಓದಿದರು. ನಿಲ್ದಾಣದ ಚಹಾದಂಗಡಿಯಲ್ಲಿ ಒಬ್ಬ ಓದುವುದು, ನಾಲ್ಕು ಜನ ಕೇಳುವುದು. ನನಗೆ ಅದು ಹಿಡಿಸಲಿಲ್ಲ. ಅವರು ತಮ್ಮ ಬಸ್ಸಿನ ಹೆಸರು ಬಂತೆಂದು ಖುಷಿಪಡುತ್ತಾರೆ, ಸಾಹಿತ್ಯ ಅವರಿಗೇನು ಗೊತ್ತು ಎಂದುಕೊಂಡೆ. ನನಗೆ ಬೇಕಾಗಿದ್ದದ್ದು ದೂರದ ಊರಿನವರ, ಬರೆಯುವವರ, ತಿಳಿದವರ ಒಂದು ಮಾತು.

ಅದೂ ಬಂತು. ಒಂದು ವಾರಪತ್ರಿಕೆಯಲ್ಲಿ, ಕೊನೆಯ ಪುಟದಲ್ಲಿ, ಹತ್ತು ಸಾಲಿನ ವಿಮರ್ಶೆ. ಮೋಡ ಹಸಿ ಚೀಲದ ವಾಸನೆಗೆ ಮೋಸಹೋಗಿ ತಪ್ಪು ಬಸ್ಸು ಹತ್ತುವ ಭಾಗವನ್ನು ಬಹಳ ಮೆಚ್ಚಿದ್ದರು. ಏಳನೇ ಅಧ್ಯಾಯದ ಬಗ್ಗೆ ಮಾತ್ರ ಕಟುವಾಗಿ ಬರೆದಿದ್ದರು. ಅಲ್ಲಿ ಪುಸ್ತಕ ಕೆಟ್ಟು ನಿಂತ ಬಸ್ಸಾಗುತ್ತದೆ, ಓದುಗ ಇಳಿದು ನಡೆದು ಹೋಗುವುದು ಲೇಸು, ಒಟ್ಟಾರೆ ಇದನ್ನು ಓದಲೇಬೇಕೆಂದೇನಿಲ್ಲ ಎಂಬ ಅರ್ಥದ ಮಾತು. ಶಾಲೆಯಲ್ಲಿ ಅದನ್ನು ಎಲ್ಲರೂ ಓದಿದರು. ಹಸಿ ಚೀಲದ ವಿಚಾರ ಭಾಳ ಚಲೋ ಐತಿ ನಿಮ್ಮದು ಎಂದು ಒಬ್ಬರು ಹೊಗಳಿದರು. ನಾನು, ಹೌದ್ರಿ, ಹಾಗೇ ಹೊಳೆಯಿತು ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಅದೇ ಸಂಜೆ ಪತ್ರಿಕೆ ಹಿಡಿದು ಅವರ ಮನೆಗೆ ಹೋದೆ. ಚಾಚಾ ಆಗತಾನೆ ಬಂದು, ಕೋಟು ಕಳಚಿ ಮೊಳೆಗೆ ಹಾಕುತ್ತಿದ್ದರು. ಚಾಚಿ ರೊಟ್ಟಿ ಬಡಿಯುತ್ತಿದ್ದಳು.

"ಓದ್ರಿ" ಎಂದೆ.

ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು. ಓದಿ ಮುಗಿಸುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ.

"ನಾ ಅಂದೇ ಹೇಳಿದ್ದೆ. ಕೇಳಲಿಲ್ಲ ನೀವು. ಎರಡು ವರ್ಷ ಕೂತು ಬರದೀನಿ ಚಾಚಾ. ನಿಮ್ಮ ಟೈಮ್‌ಟೇಬಲ್ಲು ಬಂದು ನನ್ನ ಪುಸ್ತಕ ಕೊಂದು ಹಾಕ್ತು. ಮೈಕಿನ್ಯಾಗ ಊರ ಹೆಸರು ಕೂಗೂದು ಬ್ಯಾರೆ, ಕಾದಂಬರಿ ಬರಿಯೂದು ಬ್ಯಾರೆ."

ಚಾಚಿಯ ರೊಟ್ಟಿಯ ಸಪ್ಪಳ ನಿಂತಿತು. ಚಾಚಾ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ನನಗೆ ತಿರುಗಿ ಕೊಟ್ಟರು. "ಆತು ಬೇಟಿ" ಎಂದರು. ಗಡಿಗೆಯಿಂದ ನೀರು ತುಂಬಿಕೊಂಡು ಕುಡಿದರು. ನಾನು ಹೊರಗೆ ಬಂದೆ. ಸಿಟ್ಟು ಇಳಿದಿರಲಿಲ್ಲ, ಇನ್ನೂ ಏನೇನೋ ಹೇಳಬೇಕಿತ್ತು ಅನ್ನಿಸುತ್ತಿತ್ತು. ಜಗಳಕ್ಕೆ ಎದುರು ಜಗಳ ಬೇಕು, ಹೌದೋ ಅಲ್ಲವೋ? ಅವರು ಅದನ್ನೂ ಕೊಡಲಿಲ್ಲ.

ದಸರೆ ರಜೆಗೆ ನಾನು ಅಳವಂಡಿಗೆ ಹೋದೆ. ಪುಸ್ತಕದ ಕಟ್ಟುಗಳು ನನ್ನ ಖೋಲಿಯಲ್ಲೇ ಇದ್ದವು, ಕೀಲಿ ಚಾಚಿಯ ಹತ್ತಿರ. ತಿರುಗಿ ಬಂದು ಬಾಗಿಲು ತೆಗೆದರೆ ಮೈದಾ ಅಂಟಿನ ವಾಸನೆ ಮುಖಕ್ಕೆ ಬಡಿಯಿತು. ಕಟ್ಟುಗಳು ಇದ್ದಲ್ಲೇ ಇದ್ದವು, ಆದರೆ ಎತ್ತರ ಕಡಿಮೆಯಾಗಿತ್ತು. ಒಂದು ಪುಸ್ತಕ ತೆಗೆದು ನೋಡಿದೆ. ಆರನೇ ಅಧ್ಯಾಯ ಮುಗಿದ ಪುಟಕ್ಕೆ ಎಂಟನೇ ಅಧ್ಯಾಯದ ಪುಟ ಅಂಟಿಕೊಂಡಿತ್ತು. ನಡುವಿನ ಇಪ್ಪತ್ತೆರಡು ಪುಟ ಬುಡಕ್ಕೇ ಕೊಯ್ದು ತೆಗೆದಿದ್ದರು. ಎಷ್ಟು ನಾಜೂಕಾಗಿ ಎಂದರೆ ಅಧ್ಯಾಯದ, ಪುಟದ ಅಂಕಿ ನೋಡದವರಿಗೆ ತಿಳಿಯುತ್ತಲೇ ಇರಲಿಲ್ಲ. ಬೆನ್ನು ಸಡಿಲವಾಗದಂತೆ ಮತ್ತೆ ಅಂಟು ಹಚ್ಚಿ, ಒತ್ತಿ ಒಣಗಿಸಿದ್ದರು. ಪರಿವಿಡಿಯಲ್ಲಿ ಏಳನೆಯ ಸಾಲಿನ ಮೇಲೆ ಬಿಳಿ ಕಾಗದದ ಸಣ್ಣ ಪಟ್ಟಿ. ಪ್ರತಿಯೊಂದರಲ್ಲೂ.

ಚಾಚಿ ಬಾಗಿಲಲ್ಲಿ ನಿಂತಿದ್ದಳು.

"ಎಂಟು ದಿನ ರಜಾ ಹಾಕಿದ್ರವ್ವಾ. ಇಷ್ಟು ವರ್ಷದಾಗ ಒಂದ ದಿನ ರಜಾ ಹಾಕಿದವ್ರಲ್ಲ. ಮುಂಜಾನಿ ಕೂತ್ರ ಹೊತ್ತು ಮುಣುಗೂ ತನಕ ಬ್ಲೇಡು ಹಿಡಕೊಂಡು ಕೊಯ್ದಾರ. ಬ್ಯಾಡ ಅಂದೆ, ಕೇಳಲಿಲ್ಲ. ಹುಡುಗಿ ಪುಸ್ತಕ ಜನ ಓದೂವಂಗ ಆಗ್ಲಿ ಅಂದ್ರು."

ನನಗೆ ಆಗ ಏನನ್ನಿಸಿತು ಎಂದು ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಮೊದಲು ಅನ್ನಿಸಿದ್ದು ಸಮಾಧಾನ. ಒಂದು ಗಳಿಗೆಯದು. ಆಮೇಲೆ ಎಂಟನೇ ಅಧ್ಯಾಯ ಓದಿದೆ. ಆರರಲ್ಲಿ ಸಿಟ್ಟಿನಿಂದ ಗುಡುಗುತ್ತ, ಕಂಡವರ ಮೇಲೆ ಸಿಡಿಲು ಕೆಡಹುತ್ತೇನೆಂದು ಹೆದರಿಸುತ್ತಿದ್ದ ಮೋಡ, ಎಂಟರಲ್ಲಿ ಯಲಬುರ್ಗಾ ತಲುಪಿದ ಮೇಲೆ ಒಬ್ಬ ಮುದುಕಿ ಅಂಗಳದ ಸಜ್ಜೆ ಒಳಗಿಡುವ ತನಕ ಮಳೆ ಸುರಿಸದೆ ಕಾಯುತ್ತದೆ. ಯಾಕೆ ಕಾಯುತ್ತದೆ? ಅದು ಕಾಯುವುದನ್ನು ಎಲ್ಲಿ ಕಲಿಯಿತು? ಪುಸ್ತಕದಲ್ಲಿ ಉತ್ತರವಿಲ್ಲ. ಮುಕ್ತಾಯವನ್ನು ಬರೆದವಳು ನಾನೇ, ಚಾಚಾ ಹೇಳಿದಂತೆ ಬರೆದಿದ್ದೆ. ಏಳರಲ್ಲಿ ಏನಾಗುತ್ತದೆಂದು ಓದದೆಯೇ ಬರೆದಿದ್ದೆ. ಈಗ ಅದು ಕಾಲಿಲ್ಲದ ಮಂಚದಂತೆ ನೆಲಕ್ಕೆ ಕುಸಿದಿತ್ತು.

ಚಾಚಾ ಸಂಜೆ ಬಂದಾಗ ಎದುರಿಗೆ ಹೋದೆ. ಅವರೇ ಮೊದಲು ಮಾತಾಡಿದರು.

"ಪುಸ್ತಕದ ಮ್ಯಾಲಿನ ನನ್ನ ಹೆಸರು ಹಂಗ ಬಿಟ್ಟೀನಿ. ಬಣ್ಣದ ಕಾಗದಕ್ಕ ಪಟ್ಟಿ ಹಚ್ಚಿದ್ರ ಚಂದ ಕಾಣಾಂಗಿಲ್ಲ. ನೀ ಹೇಳಿದ್ರ ಏನಾರ ಮಾಡತೀನಿ."

"ಬ್ಯಾಡ ಬಿಡ್ರಿ" ಎಂದೆ. ಎಷ್ಟು ಬೇಸರದ ದನಿಯಲ್ಲಿ ಅಂದೆನೆಂದರೆ, ಅದರಲ್ಲಿ ಕ್ಷಮೆಯಿತ್ತೋ ಕಿರಿಕಿರಿಯಿತ್ತೋ ನನಗೇ ತಿಳಿಯಲಿಲ್ಲ. ಅವರಿಗೆ ಹೇಗೆ ತಿಳಿದೀತು?

ಕೊಯ್ದ ಪುಟಗಳು ಏನಾದವೆಂದು ನಾನು ಕೇಳಲಿಲ್ಲ. ಒಂದು ತಿಂಗಳಾದ ಮೇಲೆ ತಾನಾಗೇ ತಿಳಿಯಿತು. ಕೊಪ್ಪಳಕ್ಕೆ ಯಾವುದೋ ಕಚೇರಿ ಕೆಲಸಕ್ಕೆ ಹೊರಟು ನಿಲ್ದಾಣದಲ್ಲಿ ನಿಂತಿದ್ದೆ. ಚಹಾದಂಗಡಿಯವನು ಮಿರ್ಚಿ ಕಟ್ಟಿಕೊಟ್ಟ ಕಾಗದ ನಮ್ಮ ಪುಸ್ತಕದ್ದು. ಎಣ್ಣೆ ಹೀರಿ ಎರಡೂ ಬದಿಯ ಅಕ್ಷರ ಒಂದರೊಳಗೊಂದು ಕಾಣುತ್ತಿದ್ದವು. ನಿಂತಲ್ಲೇ ಓದಿದೆ. ಮಧ್ಯಾಹ್ನದ ಬಸ್ಸೊಂದು ಬರುತ್ತದೆ, ಐದು ನಿಮಿಷ ತಡ. ಅದರ ಮೇಲಿನಿಂದ ಒಬ್ಬ ಮನುಷ್ಯ ಒಂದು ಹಳೆಯ ಬಾಗಿಲನ್ನು ಇಳಿಸಿಕೊಂಡು ತಲೆಯ ಮೇಲೆ ಹೊರುತ್ತಾನೆ. ಚೌಕಟ್ಟಿಲ್ಲ, ಬರೀ ಬಾಗಿಲು. ಮೋಡದ ಪಕ್ಕ ಬಂದು ಬಾಗಿಲನ್ನು ಬೆಂಚಿಗೆ ಆನಿಸಿ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತಾನೆ. ಮನೆ ಎಲ್ಲೈತಿ ಎಂದು ಮೋಡ ಕೇಳುತ್ತದೆ. ಅಣ್ಣತಮ್ಮಂದಿರು ಪಾಲು ಮಾಡಿದಾಗ ನನ್ನ ಪಾಲಿಗೆ ಬಂದದ್ದು ಇದೊಂದೇ, ಇನ್ನ ಮನೆ ಹುಡುಕಬೇಕು ಎನ್ನುತ್ತಾನೆ ಅವನು. ಹಾಗಂದವನು ಬಾಗಿಲ ಹಿಂದೆ ಹೋಗಿ, ಈ ಕಡೆಯಿಂದ ಬಡಿದು ನೋಡು, ಬಂದವರಿಗೆ ಹೆಂಗ ಕೇಳಿಸ್ತೈತಿ ನೋಡೂನು ಎನ್ನುತ್ತಾನೆ. ಮೋಡ ಬಡಿಯುತ್ತದೆ. ಒಳಗ ಬರ್ರಿ ಎಂದು ಅವನು ಕೂಗುತ್ತಾನೆ. ಮೋಡ ಬಾಗಿಲು ಸುತ್ತಿಕೊಂಡು ಆ ಕಡೆ ಹೋಗುತ್ತದೆ. ಹೋಗಿ, ಅವನನ್ನು ನೋಡಿ, ಮೋಡ ಹೇಳುತ್ತದೆ...

ಅಲ್ಲಿಗೆ ಕಾಗದ ಮುಗಿದಿತ್ತು.

ನಾನು ನಗುತ್ತಿದ್ದೆ. ಬಸ್ ನಿಲ್ದಾಣದ ನಡುವೆ, ಎಣ್ಣೆಗೈಯಲ್ಲಿ ಕಾಗದ ಹಿಡಿದು, ನಗುತ್ತಲೇ ಅದನ್ನು ಹಿಂದೆ ಮುಂದೆ ತಿರುವಿ ನೋಡುತ್ತಿದ್ದೆ. ಮುಂದಿನ ಪುಟ ಯಾರ ಕೈ ಸೇರಿತ್ತೋ. ಅಂಗಡಿಯವನಿಗೆ ಕೇಳಿದೆ. "ಮುಗದ್ವು ಬಾಯಾರ, ಕಂಟ್ರೋಲರ್ ಸಾಹೇಬ್ರು ಕೊಟ್ಟಿದ್ದು ಇವ ಕಡೀವು" ಎಂದ. ಪುಡಿಕೆಗಳನ್ನು ಎಸೆದ ಮೂಲೆಯಲ್ಲೂ ಹುಡುಕಿದೆ. ಕೊಪ್ಪಳದ ಬಸ್ಸು ಹೋಯಿತು. ಅದನ್ನು ಕೂಗಿದ್ದು ಚಾಚಾನೇ, ಎರಡು ಸಲ ಕೂಗಿದರು, ನಾನು ಹತ್ತಲಿಲ್ಲ.

ಅವರ ಗೂಡಿನಂಥ ಕೋಣೆಗೆ ಹೋದೆ.

"ಚಾಚಾ, ಬಾಗಿಲು ಹೊತ್ತವ ಬರತಾನಲ್ಲ, ಆ ಕಡೆ ಹೋಗಿ ಮೋಡ ಏನ ಹೇಳ್ತೈತಿ?"

ಅವರು ರಿಜಿಸ್ಟರಿನಿಂದ ತಲೆ ಎತ್ತಿದರು. ನನ್ನ ಕೈಯಲ್ಲಿದ್ದ ಕಾಗದ ನೋಡಿದರು.

"ನೆನಪಿಲ್ಲ ಬೇಟಿ" ಎಂದರು.

ಹತ್ತು ವರ್ಷಗಳ ಹಿಂದೆ ಯಾವ ಸೋಮವಾರ ಯಾವ ಬಸ್ಸು ಎಷ್ಟು ನಿಮಿಷ ತಡವಾಗಿ ಬಂತೆಂದು ಹೇಳುತ್ತಿದ್ದ ಮನುಷ್ಯ. ನೆನಪಿಲ್ಲವಂತೆ! ನಾನು ಬೇಡಿಕೊಂಡೆ. ಮತ್ತೆ ಬರೆಯಿರಿ, ಪೂರ್ತಿ ಬರೆಯಿರಿ, ಅಚ್ಚು ಹಾಕಿಸುವುದು ನನಗಿರಲಿ ಎಂದೆ. "ಹೋತಲ್ಲ, ಬಿಡು" ಎಂದು ಮೈಕು ಹತ್ತಿರ ಎಳೆದುಕೊಂಡು ಯಾವುದೋ ಊರಿನ ಹೆಸರು ಕೂಗಿದರು. ಆಮೇಲೆ ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಸಿಟ್ಟಿನಿಂದ ಕೇಳಿದೆ, ನಗುತ್ತ ಕೇಳಿದೆ, ಚಾಚಿಯ ಕೈಯಲ್ಲಿ ಕೇಳಿಸಿದೆ. ಅವರು ಒಮ್ಮೆಯೂ ಮುನಿಸು ತೋರಲಿಲ್ಲ. ಮನೆಗೆ ಕರೆದು ಊಟ ಹಾಕಿಸಿದರು, ಜ್ವರ ಬಂದಾಗ ಕಷಾಯ ಕಳಿಸಿದರು, ಊರಿಗೆ ಹೋಗುವಾಗ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟರು. ಆದರೆ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಮತ್ತೆ ಒಂದು ಸಾಲು ಬರೆಯಲಿಲ್ಲ. ಮುದ್ರಣಾಲಯಕ್ಕೂ ಹೋಗಿ ವಿಚಾರಿಸಿದೆ. ಹಸ್ತಪ್ರತಿಯನ್ನು ಅಚ್ಚಿನವರು ಯಾವಾಗಲೋ ಒಲೆಗೆ ಹಾಕಿದ್ದರು.

ಮರುವರ್ಷ ನನಗೆ ಯಲಬುರ್ಗಾಕ್ಕೆ ವರ್ಗವಾಯಿತು. ಮದುವೆ, ಮಕ್ಕಳು, ಮತ್ತೊಂದು ಊರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಚಾಚಾ ನಿವೃತ್ತರಾದರು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ನಾಲ್ಕು ತಿಂಗಳ ಮೇಲೆ, ಬಸ್ಸಿನಲ್ಲಿ ಸಿಕ್ಕ ಒಬ್ಬ ಹಳೆಯ ಕಂಡಕ್ಟರನಿಂದ. ಅವನು ಟಿಕೆಟ್ಟು ಹರಿಯುತ್ತಲೇ ಹೇಳಿದ, ನಮ್ಮ ಸಾಹೇಬ್ರು ಹೋದ್ರಲ್ರಿ ಅಂತ. ನಾನು ಕುಷ್ಟಗಿಗೆ ಹೋಗಿ ಚಾಚಿಯನ್ನು ಕಂಡೆ. ಆಕೆ ನನ್ನ ಕೈ ಹಿಡಿದುಕೊಂಡು ಅತ್ತಳು. ಆ ಅಧ್ಯಾಯದ ವಿಷಯ ಎತ್ತುವ ಧೈರ್ಯ ನನಗಾಗಲಿಲ್ಲ. ಆಕೆಯೇ ಎತ್ತಿದಳು. ಬರೆಯುವ ಕಾಲಕ್ಕೆ ಅವರು ಒಂದೊಂದು ಬಸ್ಸು ಬರೆದ ಮೇಲೂ ತನಗೆ ಓದಿ ತೋರಿಸುತ್ತಿದ್ದರು ಎಂದಳು.

"ಹಂಗಾರ ಬಾಗಿಲು ಹೊತ್ತವ ನೆನಪದಾನೇನು ಚಾಚಿ? ಮೋಡ ಏನಂತು?"

ಆಕೆ ಯೋಚಿಸಿದಳು. "ಏನೋ ಅಂತವ್ವಾ... ಭಾಳ ನಕ್ಕಿದ್ದೆ ನಾ. ನಾ ನಕ್ಕದ್ದು ನೋಡಿ ಅವ್ರೂ ನಕ್ಕಿದ್ರು. ನಕ್ಕದ್ದು ನೆನಪೈತಿ, ಮಾತು ಮರತು ಹೋತು."

ಚಾಚಾ ನಕ್ಕಿದ್ದರಂತೆ. ಅವರು ನಕ್ಕಿದ್ದನ್ನು ನಾನು ಒಂದು ದಿನವೂ ಕಂಡವಳಲ್ಲ. ಚಾಚಿಯೂ ಹೋಗಿ ಈಗ ಬಹಳ ವರ್ಷವಾಯಿತು.

ಚಾಚಿಯ ಕೈಗೆ ಕೊಟ್ಟ ಪ್ರತಿಯನ್ನೂ ಚಾಚಾ ಕೊಯ್ದಿದ್ದರು. ಕೊಯ್ಯುವ ಮೊದಲು ಕೆಲವು ಪ್ರತಿಗಳು ಮಾತ್ರ ಪೂರ್ತಿಯಾಗಿಯೇ ಹೊರಗೆ ಹೋಗಿದ್ದವು. ಚಾಲಕರು, ಕಂಡಕ್ಟರುಗಳು, ಶಾಲೆಯವರು ಒಯ್ದವು. ಅವರ ಮನೆಗಳಲ್ಲಿ ಹುಡುಕಿಸಿದೆ, ಗೆದ್ದಲು ತಿಂದಿತ್ತು, ರದ್ದಿಗೆ ಹೋಗಿತ್ತು, ಯಾರಿಗೋ ಕೊಟ್ಟಿದ್ದರು. ವಾಚನಾಲಯಗಳಿಗೆ ನಾನೇ ಆಮೇಲೆ ಕಳಿಸಿದವೆಲ್ಲ ಕೊಯ್ದ ಪ್ರತಿಗಳು. ಬೇಕಾದಲ್ಲಿ ಅವು ಸಿಗುತ್ತವೆ, ಅದೇ ದೊಡ್ಡ ಕಿರಿಕಿರಿ.

ನಿನ್ನೆ ಗಂಗಾವತಿಯ ಒಬ್ಬ ಉಪನ್ಯಾಸಕಿ ಫೋನು ಮಾಡಿದ್ದಳು. ಇಬ್ಬರು ಕೂಡಿ ಬರೆದ ಇಂಥ ತಮಾಷೆಯ ಕಾದಂಬರಿ ನಮ್ಮ ಭಾಗದಲ್ಲಿ ಬೇರೆ ಇಲ್ಲವಂತೆ. ವಿದ್ಯಾರ್ಥಿಗಳಿಗೆ ಓದಲು ಹೇಳಬೇಕೆಂದಿದ್ದಾಳೆ. ಆದರೆ ಆರರ ಮೇಲೆ ಎಂಟನೇ ಅಧ್ಯಾಯ ಬರುತ್ತದೆ, ನಡುವೆ ಏನೋ ತಪ್ಪಿದಂತಿದೆ ಮೇಡಂ, ಮೋಡ ಒಮ್ಮೆಲೇ ಯಾಕೆ ಬದಲಾಗುತ್ತದೆ, ನೀವೇ ಹೇಳಿ, ಇದು ಓದುವಂಥ ಪುಸ್ತಕ ಹೌದೋ ಅಲ್ಲವೋ ಎಂದಳು. ದನಿ ಎಳೆಯದು, ಪ್ರಶ್ನೆ ನೇರ. ನನಗೆ ರೇಗಿತು. ಫೋನು ಇಟ್ಟುಬಿಡೋಣ ಅನ್ನಿಸಿತು. ಅವಳು ಆ ಕಡೆ ಕಾಯುತ್ತಿದ್ದಳು.

"ನಿಮ್ಮ ಕೈಯಾಗಿರೂದು ನಾ ಒಬ್ಬಾಕಿ ಬರದದ್ದು ಅಂತ ತಿಳಕೋರಿ" ಎಂದೆ. "ಅದನ್ನ ಓದಿದ್ರೂ ನಡೀತೈತಿ, ಬಿಟ್ರೂ ನಡೀತೈತಿ. ಇಬ್ಬರೂ ಕೂಡಿ ಬರದದ್ದೊಂದಿತ್ತು. ಅದನ್ನ ಓದಬೇಕಾಗಿತ್ತರಿ. ನಾನೂ ಓದಲಿಲ್ಲ."